ಒಂದು ಗೇಣು ಎಡಕ್ಕೆ

ನಮ್ಮ ಊರಿನವರನ್ನು ಹೊರಗಿನವರು ಯಾರಾದರೂ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರೆ "ಪಾತ್ರೆ ಮಾಡ್ತೀವಿ" ಎನ್ನುವುದು ಮೊದಲಿನಿಂದ ಬಂದ ರೂಢಿ. ದಿನಾ ಬೆಳಗ್ಗೆ ಮೂವತ್ತು ಸಾವಿರ ಜನ ಒಂದೇ ಗೇಟಿನೊಳಗೆ ನುಗ್ಗಿ ಪಾತ್ರೆ ಮಾಡುತ್ತಾರೆಂದು ಮಾಸ್ಕೋ ರೈಲಿನ ಟಿಕೆಟ್ ಪರೀಕ್ಷಕನೂ ನಂಬುತ್ತಿರಲಿಲ್ಲ. ಆದರೂ ಬಾಯಿ ಬಿಡಬಾರದು ಎಂದಿತ್ತು, ನಾವು ಬಿಡುತ್ತಿರಲಿಲ್ಲ. ರಿಮ್ಮಾ ಅರ್ಖಿಪೊವ್ನಾ ಮೂವತ್ತಮೂರು ವರ್ಷ ಆ ಗೇಟಿನೊಳಗೆ ಹೋಗಿ ಬಂದಳು. ಅವಳ ತಾಯಿಯಂತೂ ಸಾಯುವವರೆಗೂ, "ಅಷ್ಟು ವರ್ಷ ಪಾತ್ರೆ ಕಾರ್ಖಾನೇಲಿ ದುಡಿದ್ಲು, ಹೆತ್ತವಳಿಗೆ ಒಂದು ಬಾಣಲೆ ತಂದ್ಕೊಡಲಿಲ್ಲ" ಎಂದು ಅಕ್ಕಪಕ್ಕದವರ ಮುಂದೆ ಗೊಣಗುತ್ತಿದ್ದಳು.

ರಿಮ್ಮಾ ಮಾಡುತ್ತಿದ್ದದ್ದು ಆಕಾಶ ನಿಲ್ದಾಣಗಳ ಒಳಗೆ ತಂತಿ ಹಾಯಿಸುವ ಕೆಲಸ. ಗಂಡಸರ ದಪ್ಪ ಬೆರಳು ತೂರದ ಸಂದಿಗಳಲ್ಲಿ ಅವಳ ಬೆರಳು ತೂರುತ್ತಿತ್ತು. ನೂರಾರು ತಂತಿಗಳನ್ನು ಸೇರಿಸಿ, ಮೇಣ ಹಚ್ಚಿದ ದಾರದಿಂದ ಜಡೆ ಹೆಣೆದ ಹಾಗೆ ಬಿಗಿದು, ಗೋಡೆಯ ಹಲಗೆಗಳ ಹಿಂದೆ ಕೂರಿಸಬೇಕು. ಅವಳು ಮೊದಲ ಸಲ ಬಿಗಿದ ಕಟ್ಟನ್ನು ತಪಾಸಣೆಗಾರ ಸವೇಲಿ ನಿಕಾನೊರೊವಿಚ್ ಮೂರು ಸಲ ವಾಪಸು ಮಾಡಿದ. ಮೂರನೆಯ ಸಲ ಅವಳು ಅತ್ತೇಬಿಟ್ಟಳು. "ಅತ್ರೆ ತಂತಿ ನೆಟ್ಟಗಾಗಲ್ಲ," ಎಂದು ಹೇಳಿ ಅವನು ಹೊರಟುಹೋದ. ಮರುವರ್ಷ ವಸಂತದಲ್ಲಿ ಅವರಿಬ್ಬರ ಮದುವೆಯಾದಾಗ ಕಾರ್ಖಾನೆಯ ನಮ್ಮ ಇಡೀ ಶಾಪು, "ಅಂತೂ ಇಂತೂ ಮೊಹರು ಹಾಕಿಸ್ಕೊಂಡ್ಲು" ಎಂದು ನಕ್ಕಿತು.

ಅವನ ಮೊಹರಿನ ನಂಬರು ಹದಿನೇಳು. ಅದು ಬೀಳದೆ ಯಾವ ವಸ್ತುವೂ ನಮ್ಮ ಶಾಪಿನಿಂದ ಹೊರಗೆ ಹೋಗುವಂತಿರಲಿಲ್ಲ. ಉದ್ದ ಹಿಡಿಯ ಪುಟ್ಟ ಕನ್ನಡಿ, ಒಂದು ಟಾರ್ಚು ಹಿಡಿದು ಅಂಗಾತ ಮಲಗಿ ನೋಡುತ್ತಿದ್ದ. ನೋಡದೆ ಹಾಕಿದವನೇ ಅಲ್ಲ. ಹೆಂಡತಿಯ ಕೆಲಸವನ್ನಂತೂ ಎರಡೆರಡು ಸಲ ನೋಡುತ್ತಿದ್ದ. ಮನೆಯಲ್ಲಿ ಅವಳಿಗೆ ಅವನು ಸಾವಾ, ಶಾಪಿನಲ್ಲಿ ಸವೇಲಿ ನಿಕಾನೊರೊವಿಚ್. "ನಿಂಗೆ ಗಂಡನಲ್ಲ ಕಣೆ ಸಿಕ್ಕಿರೋದು, ಯಮ" ಎಂದು ಪಕ್ಕದ ಮೇಜಿನ ಫಾಯಿನಾ ಛೇಡಿಸುತ್ತಿದ್ದಳು. ರಿಮ್ಮಾಳಿಗೆ ಒಳಗೊಳಗೇ ಹೆಮ್ಮೆ. ಅವರಿಗೆ ಮಕ್ಕಳಾಗಲಿಲ್ಲ. ಅವನ ಮೊಹರು, ಅವಳ ಬೆರಳು, ಊರ ಹೊರಗೆ ಒಂದು ತುಂಡು ಸೌತೆಕಾಯಿ ತೋಟ, ಇಷ್ಟೇ ಅವರ ಆಸ್ತಿ.

ಎಂಬತ್ತೈದರ ನವೆಂಬರಿನಲ್ಲಿ ಅವಳು ಆ ತಪ್ಪು ಮಾಡಿದಳು.

"ಬೆರೆಗ್" ನಿಲ್ದಾಣಕ್ಕೆ ಜೋಡಿಸಬೇಕಾದ ದೊಡ್ಡ ಕೋಣೆಯೊಂದು ಶಾಪಿನಲ್ಲಿತ್ತು. ಅದನ್ನು ನವೆಂಬರ್ ಏಳರ ಹಬ್ಬಕ್ಕೆ ಮುಂಚೆ ಒಪ್ಪಿಸಲೇಬೇಕೆಂದು ಮೇಲಿನಿಂದ ಅಪ್ಪಣೆಯಾಗಿತ್ತು. ಹಬ್ಬಕ್ಕೂ ಆಕಾಶಕ್ಕೂ ಏನು ಸಂಬಂಧ ಎಂದು ಕೇಳುವ ಹಾಗಿರಲಿಲ್ಲ. ನಮ್ಮಲ್ಲಿ ಸೇತುವೆ, ಆಸ್ಪತ್ರೆ, ರಾಕೆಟ್ಟು ಎಲ್ಲವೂ ಹಬ್ಬದ ಹಿಂದಿನ ದಿನವೇ ಮುಗಿಯುತ್ತಿದ್ದವು, ಹಬ್ಬದ ಮಾರನೆಯ ದಿನ ಅವುಗಳ ರಿಪೇರಿ ಶುರುವಾಗುತ್ತಿತ್ತು. ಇನ್ನು ನಾಲ್ಕು ದಿನ ಇದೆ ಎನ್ನುವಾಗ, ಪಕ್ಕದ ಶಾಪಿನಿಂದ ಬಂದ ವಿದ್ಯುತ್ ತಂತಿಯ ಕಟ್ಟು ಒಂದು ಗೇಣು ಗಿಡ್ಡವಾಗಿದೆ ಎಂದು ರಿಮ್ಮಾಳಿಗೆ ಗೊತ್ತಾಯಿತು. ನಕ್ಷೆಯಲ್ಲಿ ಸಾಕೆಟ್ ಇರಬೇಕಾದ ಜಾಗಕ್ಕೆ ಅದು ಮುಟ್ಟುತ್ತಿರಲಿಲ್ಲ. ಹೊಸ ಕಟ್ಟು ಬರಲು ಮೂರು ವಾರ ಬೇಕು.

ಅವಳು ಒಂದು ತುಂಡು ತಗಡು ಕತ್ತರಿಸಿ, ಬಗ್ಗಿಸಿ, ಅದರ ಮೇಲೆ ಸಾಕೆಟ್ ಕೂರಿಸಿ, ಒಂದು ಗೇಣು ಎಡಕ್ಕೆ ಖಾಲಿ ಬಿದ್ದಿದ್ದ ತೂತಿಗೆ ತಿರುಪು ಹಾಕಿ ಬಿಗಿದಳು. ತಂತಿ ಮುಟ್ಟಿತು. ಆದರೆ ತಗಡಿನ ಕತ್ತರಿಸಿದ ಅಂಚು ಬ್ಲೇಡಿನ ಹಾಗೆ ಉಳಿಯಿತು. ಕೋಣೆಯೊಳಗೆ ಅರ ಉಜ್ಜುವಂತಿಲ್ಲ. ಲೋಹದ ಪುಡಿ ಉಳಿದರೆ ಮೇಲೆ ತೂಕವಿಲ್ಲದ ಕಡೆ ತೇಲಿಕೊಂಡು ಕಣ್ಣಿಗೆ, ಶ್ವಾಸಕ್ಕೆ ಹೋಗುತ್ತದೆ. ಹಬ್ಬ ಕಳೆದ ಮೇಲೆ ಬಿಚ್ಚಿ ಸರಿಮಾಡಿದರಾಯಿತು ಎಂದುಕೊಂಡು ಹಲಗೆ ಮುಚ್ಚಿ ಎಂಟು ತಿರುಪು ಬಿಗಿದಳು.

ಸವೇಲಿ ಬಂದ. ಒಂದೂವರೆ ದಿನದಿಂದ ನಿದ್ದೆಗೆಟ್ಟಿದ್ದ. ಮುಚ್ಚಿದ ಹಲಗೆಯನ್ನು ನೋಡಿದ, ಅವಳ ಮುಖ ನೋಡಿದ.

"ನಕ್ಷೆ ಪ್ರಕಾರ ಇದೆಯಾ, ರಿಮ್ಮಾ ಅರ್ಖಿಪೊವ್ನಾ?"

"ನಕ್ಷೆ ಪ್ರಕಾರನೇ, ಸವೇಲಿ ನಿಕಾನೊರೊವಿಚ್."

ಅವನು ಮೊಹರು ಹಾಕಿದ. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಸುಳ್ಳು ಹೇಳಿರಲಿಲ್ಲ. ಅವನು ತಿರುಪು ಬಿಚ್ಚಿಸದೆ ಇದ್ದದ್ದು ಅದಕ್ಕೇ.

ಹಬ್ಬದ ಹಿಂದಿನ ದಿನವೇ ಕೋಣೆಗೆ ಸೀಲು ಬಿತ್ತು. ಅದು ಉಡ್ಡಯನದ ಊರಿಗೆ ಹೊರಡುವಾಗ ಪದ್ಧತಿಯಂತೆ ಶಾಪಿನವರೆಲ್ಲ ಇದ್ದಲ್ಲೇ ಒಂದು ನಿಮಿಷ ಕೂತರು. ದೂರದ ಪ್ರಯಾಣಕ್ಕೆ ಯಾರೇ ಹೊರಡಲಿ, ಏನೇ ಹೊರಡಲಿ, ಮಾತಾಡದೆ ಒಂದು ನಿಮಿಷ ಕೂತೇ ಏಳಬೇಕು. ರಿಮ್ಮಾ ಗಂಡನ ಪಕ್ಕದಲ್ಲಿ ಮರದ ಪೆಟ್ಟಿಗೆಯ ಮೇಲೆ ಕೂತಿದ್ದಳು. ಈಗ ಹೇಳಿಬಿಡಲೇ ಎಂದು ಬಾಯಿವರೆಗೆ ಬಂತು. ಹೇಳಿದರೆ ಹಬ್ಬ ಕೆಡುತ್ತದೆ, ಅವನ ಮೊಹರು ಹೋಗುತ್ತದೆ. ಅಷ್ಟರಲ್ಲಿ ಎಲ್ಲರೂ ಎದ್ದು ನಿಂತರು, ಕ್ರೇನು ಕದಲಿತು.

ಆಮೇಲೆ ಹನ್ನೊಂದು ವರ್ಷ ಅದು ಗಂಟಲ ಮುಳ್ಳಾಯಿತು, ಉಗುಳಲಿಲ್ಲ, ನುಂಗಲಿಲ್ಲ. ಟಿವಿಯಲ್ಲಿ "ಬೆರೆಗ್" ಎಂದು ಬಂದರೆ ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು. ದೇಶದ ಹೆಸರು ಬದಲಾಯಿತು, ಬಾವುಟ ಬದಲಾಯಿತು, ನವೆಂಬರ್ ಏಳರ ಮೆರವಣಿಗೆ ನಿಂತಿತು. ತೊಂಬತ್ತಮೂರರಲ್ಲಿ ಅವಳು ನಿವೃತ್ತಳಾದಳು. ಮರುವರ್ಷ ಸವೇಲಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ನಾಲಿಗೆ ಭಾರವಾಯಿತು. ಬುದ್ಧಿ ಮಾತ್ರ ಹಾಗೇ ಚೂಪಾಗಿತ್ತು. ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು, ನೋಡಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಮೂವತ್ತೊಂದು ವರ್ಷ. ಹದಿನೇಳನೇ ನಂಬರು. ಒಂದೂ ವಾಪಸ್ ಬಂದಿಲ್ಲ." ಅದೊಂದೇ ಅವನ ಪಾಲಿಗೆ ಉಳಿದ ಬಾಳು. ರಿಮ್ಮಾ ಆಗ ಹಾಸಿಗೆಯ ಹೊದಿಕೆ ಸರಿಮಾಡುತ್ತಿದ್ದಳು.

ತೊಂಬತ್ತಾರರ ಬೇಸಿಗೆಯಲ್ಲಿ ಸರಕು ನೌಕೆಯೊಂದು ಅಂಕೆ ತಪ್ಪಿ "ಬೆರೆಗ್"ಗೆ ಬಡಿಯಿತು. ರಿಮ್ಮಾ ತಂತಿ ಹಾಯಿಸಿದ್ದ ಅದೇ ಕೋಣೆಗೆ ತೂತು ಬಿತ್ತು, ಗಾಳಿ ಸೋರತೊಡಗಿತು. ಒಳಗಿದ್ದವರು ಬಾಗಿಲ ಮೂಲಕ ಹಾದಿದ್ದ ತಂತಿಗಳನ್ನೆಲ್ಲ ಚಾಕುವಿನಿಂದ ಕಡಿದು, ಬಾಗಿಲು ಮುಚ್ಚಿ, ಜೀವ ಉಳಿಸಿಕೊಂಡರು. ನಿಲ್ದಾಣದ ಅರ್ಧ ವಿದ್ಯುತ್ತು ಹೋಯಿತು. ಕತ್ತಲು, ಚಳಿ, ಗೋಡೆ ತುಂಬ ನೀರಹನಿ. ಎರಡು ತಿಂಗಳ ಮೇಲೆ ಕಮಾಂಡರ್ ಜೀಮಿನ್ ಎಂಬಾತ ಒಬ್ಬ ಜೊತೆಗಾರನೊಂದಿಗೆ ರಿಪೇರಿಗೆಂದು ಮೇಲಕ್ಕೆ ಹೋದ.

ಫಾಯಿನಾ ಇನ್ನೂ ಶಾಪಿನಲ್ಲೇ ಇದ್ದಳು. ಮಂಗಳವಾರ ಬಂದಾಗ ರಿಮ್ಮಾ ಅಡುಗೆಮನೆಯಲ್ಲಿ ಸೌತೆಕಾಯಿಗೆ ಉಪ್ಪು ಹಾಕುತ್ತಿದ್ದಳು.

"ಹೊಸ ತಂತಿ ನಾನೇ ಕಟ್ಟಿದ್ದು ಕಣೆ," ಎಂದಳು ಫಾಯಿನಾ. "ಶುಕ್ರವಾರ ಬೆಳಗ್ಗೆ ಆ ಗಾಳಿ ಇಲ್ಲದ ಕೋಣೆಗೆ ಇಬ್ರೂ ಇಳೀತಾರೆ. ಹಲಗೆ ಬಿಚ್ಚಿ, ಹಿಂದಕ್ಕೆ ಕೈ ತೂರಿಸಿ, ಹಳೇ ಸಾಕೆಟ್‌ಗೆ ಇದನ್ನ ಸಿಗಿಸೋದು, ಅಷ್ಟೇ. ಹೋಗೋಕ್ ಮುಂಚೆ ಇಲ್ಲಿ ನೀರಿನ ಕೊಳದಲ್ಲಿ ಮಾದರಿ ಇಟ್ಕೊಂಡು ಹದಿನಾರು ಸಲ ಮಾಡಿದಾರೆ. ಕಣ್ಮುಚ್ಕೊಂಡು ಮಾಡ್ತಾರಂತೆ ಈಗ."

"ಎಷ್ಟನೇ ಹಲಗೆ?"

"ನಾಲ್ಕು. ಯಾಕೆ, ಉಪ್ಪೆಲ್ಲಾ ಚೆಲ್ತಿದೀಯಲ್ಲ."

ಕೊಳದ ಮಾದರಿಯನ್ನು ನಕ್ಷೆ ನೋಡಿ ಕಟ್ಟಿದ್ದರು. ನಕ್ಷೆಯಲ್ಲಿ ಆ ತಗಡಿಲ್ಲ. ಹದಿನಾರು ಸಲ ಕೈ ತೂರಿಸಿ ಪಳಗಿದ ದಾರಿಯಲ್ಲೇ ಹದಿನೇಳನೆಯ ಸಲ ಜೀಮಿನ್ ಕೈ ತೂರಿಸುತ್ತಾನೆ, ಅಲ್ಲಿ ರಿಮ್ಮಾ ಕತ್ತರಿಸಿದ ಅಂಚು ಕಾಯುತ್ತಿದೆ. ಕೈಗವಸು ಹರಿದರೆ ಉಡುಪಿನ ಗಾಳಿ ಹೋಗುತ್ತದೆ, ಗಾಳಿ ಹೋದರೆ ಮನುಷ್ಯ ಹೋದ.

ಅವಳು ಏಪ್ರನ್ ಬಿಚ್ಚದೆ ಕಾರ್ಖಾನೆಯ ಗೇಟಿಗೆ ನಡೆದಳು. ಕಾವಲುಗಾರ ಪಾಸ್ ಕೇಳಿದ. ಮೂವತ್ತಮೂರು ವರ್ಷ ಇದೇ ಗೇಟಿನಲ್ಲಿ ಓಡಾಡಿದವಳು ನಾನು ಎಂದರೆ, "ಹಾಗಾದ್ರೆ ಪಾಸ್ ಬೇಕು ಅಂತ ಗೊತ್ತಿರ್ಬೇಕಲ್ಲಮ್ಮ" ಎಂದ. ದೇವರು ಕೊಟ್ಟರೂ ಪೂಜಾರಿ ಕೊಡ. ಕೊನೆಗೆ ಗೋಡೆಯ ಫೋನಿನಿಂದ ಶಾಪಿನ ಮುಖ್ಯಸ್ಥ ಗೆನ್ರಿಖ್ ಒಸಿಪೊವಿಚ್‌ನನ್ನು ಕರೆಸಿದಳು. ಹುಡುಗನಾಗಿ ಸೇರಿದಾಗ ಅವಳ ಕೈಕೆಳಗೆ ತಂತಿ ಕಟ್ಟುವುದನ್ನು ಕಲಿತವನು, ಈಗ ತಲೆ ಬೋಳಾಗಿತ್ತು. ಗೇಟಿನ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡ.

"ಅಯ್ಯೋ, ರಿಮ್ಮಾ ಅರ್ಖಿಪೊವ್ನಾ. ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಹಾಕ್ಕೊಂಡಿದ್ದೆ. ಈಗ ತೆಗ್ದಿದೀನಿ. ಅವರಿಗೆ ಹೇಳು."

"ನಾನು ಹೇಳಿದ್ರೆ ಯಾರು ಕೇಳ್ತಾರೆ? ನಕ್ಷೆ ಪ್ರಕಾರ ಇದೆ ಅಂತ ಕಾಗದ ಇದೆ, ಮೊಹರು ಇದೆ. ಪಿಂಚಣಿ ಮುದುಕಿಗೆ ಏನೋ ನೆನಪಾಯ್ತಂತೆ ಅಂತ ಹಾರಾಟದ ಯೋಜನೆ ಬದಲಾಯಿಸಲ್ಲ ಅವರು. ಕಾಗದಕ್ಕೆ ಕಾಗದಾನೇ ಮದ್ದು. ನೀವು ಸಮಜಾಯಿಷಿ ಬರೀರಿ. ಮೊಹರು ಹಾಕಿದವನೂ ಸಹಿ ಮಾಡ್ಬೇಕು."

"ಸಾವಾನಾ? ಗೆನ್ರಿಖ್, ಅವನಿಗೆ ಗೊತ್ತೇ ಇಲ್ಲ. ನನ್ನ ಮಾತು ನಂಬಿ ಹಾಕಿದ್ದು."

"ಹಾಗಾದ್ರೆ ಈಗ ಗೊತ್ತಾಗ್ಬೇಕು," ಎಂದ ಅವನು. ಕಾಲ ಬುಡ ನೋಡುತ್ತಾ, "ನಾಳೆ ಮಧ್ಯಾಹ್ನದೊಳಗೆ ತಂದ್ಕೊಡಿ. ಆಮೇಲೆ ನನ್ನ ಕೈಲಿಲ್ಲ" ಎಂದ.

ಅವಳು ನೇರವಾಗಿ ಮನೆಗೆ ಹೋಗಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಮೂರು ಬಸ್ಸುಗಳನ್ನು ಬಿಟ್ಟಳು. ಎರಡು ಜೀವ ಒಂದು ಕಡೆ, ಅವನ ಮೂವತ್ತೊಂದು ವರ್ಷ ಇನ್ನೊಂದು ಕಡೆ. ಇದರಲ್ಲಿ ತೂಗಿ ನೋಡುವುದು ಏನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಕಾಲು ಏಳಲಿಲ್ಲ. ಇದು ಜೀಮಿನ್‌ನ ಮೇಲಿನ ಸಿಟ್ಟೋ ತನ್ನ ಮೇಲಿನ ಸಿಟ್ಟೋ ತಿಳಿಯದೆ ಒಂದಿಷ್ಟು ಅತ್ತಳು.

ಸವೇಲಿ ಎಡಗೈಯಲ್ಲಿ ಚಮಚ ಹಿಡಿದು ಗಂಜಿ ತಿನ್ನುತ್ತಿದ್ದ. ಅವಳು ನಿಂತುಕೊಂಡೇ ಹೇಳಿದಳು. ಗಿಡ್ಡ ತಂತಿ, ತಗಡು, ಎಂಟು ತಿರುಪು, ಅವನು ಕೇಳಿದ ಪ್ರಶ್ನೆ, ತಾನು ಕೊಟ್ಟ ಉತ್ತರ. ಹೇಳಿ ಮುಗಿಸಿ, ಅಡುಗೆಮನೆಯಲ್ಲಿ ಬರೆದಿಟ್ಟುಕೊಂಡಿದ್ದ ಸಮಜಾಯಿಷಿಯ ಕಾಗದವನ್ನು ಅವನ ಮುಂದೆ ಇಟ್ಟಳು. ಅವನು ಬೈಯುತ್ತಾನೆ, ತಟ್ಟೆ ಎಸೆಯುತ್ತಾನೆ, ಸಹಿ ಹಾಕಲ್ಲ ಎನ್ನುತ್ತಾನೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಅವನು ಚಮಚ ಕೆಳಗಿಟ್ಟು ಓದಿದ. ಒಂದು ಸಾಲಿನ ಮೇಲೆ ಬೆರಳಿಟ್ಟ. "ತಪಾಸಣೆಗಾರರಿಗೆ ನಾನು ಸುಳ್ಳು ಹೇಳಿ ಮೋಸ ಮಾಡಿದೆ" ಎಂದು ಅವಳು ಬರೆದಿದ್ದ ಸಾಲು.

"ಇದು ಹೊಡೆದ್ಹಾಕು," ಎಂದ ತೊದಲುತ್ತಾ.

"ಅದು ನಿಜ ಅಲ್ವಾ ಸಾವಾ. ತಪ್ಪು ನಿಂದಲ್ಲ ಅಂತ ಗೊತ್ತಾಗ್ಲಿ."

"ತಪಾಸಣೆಗಾರನಿಗೆ ಮೋಸ ಮಾಡಕ್ಕಾಗಲ್ಲ. ನೋಡಿರ್ತಾನೆ, ಇಲ್ಲಾ ನೋಡಿರಲ್ಲ."

ಅವಳು ಆ ಸಾಲು ಹೊಡೆದು ಹಾಕಿದಳು. ಅವನು ಎಡಗೈಯಲ್ಲಿ ಪೆನ್ನು ಹಿಡಿದು, ಒಂದನೇ ತರಗತಿಯ ಮಗುವಿನ ಹಾಗೆ ಒಂದೊಂದೇ ಅಕ್ಷರ ಕೂರಿಸುತ್ತಾ ಬರೆದ: "ನೋಡದೆ ಮೊಹರು ಹಾಕಿದೆ. ತಪ್ಪು ನನ್ನದು. ನಂಬರು ಹದಿನೇಳು." ಸಹಿ ಮಾಡಿ, ಗೋಡೆಯ ಕಡೆ ತಿರುಗಿ ಮಲಗಿದ. ಗಂಜಿ ಅರ್ಧ ಉಳಿದಿತ್ತು.

ಮಾರನೆಯ ದಿನ ಕಾಗದ ಮೇಲೆ ಹೋಯಿತು. ಗುರುವಾರ ಅವಳಿಗೆ ಪಾಸ್ ಕೊಟ್ಟು ಒಳಗೆ ಕರೆದು, ಆ ತಗಡನ್ನು ನೆನಪಿನಿಂದಲೇ ಮತ್ತೆ ಕತ್ತರಿಸಿ ಬಗ್ಗಿಸಿಕೊಡಲು ಹೇಳಿದರು; ಅದನ್ನು ಯಾವ ಮಗ್ಗುಲಾಗಿ ಬಿಗಿದಿದ್ದಳೆಂದು ಯಾರೂ ಕೇಳಲಿಲ್ಲ. ಶಾಪಿನ ಹುಡುಗಿಯರೆಲ್ಲ ಸುತ್ತ ನಿಂತು ನೋಡಿದರು, ಯಾರೂ ಮಾತಾಡಿಸಲಿಲ್ಲ. ಫಾಯಿನಾ ಕೂಡ ತನ್ನ ಮೇಜಿನಿಂದ ಏಳಲಿಲ್ಲ. ಶುಕ್ರವಾರ ಬೆಳಗ್ಗೆ ಅವಳನ್ನು ನಿಯಂತ್ರಣ ಕೇಂದ್ರದ ಪಕ್ಕದ ಕೋಣೆಯೊಂದರಲ್ಲಿ, ಧ್ವನಿವರ್ಧಕ ಒಂದರ ಕೆಳಗೆ, ಗೆನ್ರಿಖ್ ಜೊತೆ ಕೂರಿಸಿದರು. ಏನಾದರೂ ಕೇಳಬೇಕಾಗಿ ಬಂದರೆ ಇರಲಿ ಎಂದು.

ನಿಲ್ದಾಣ ನಮ್ಮ ತಲೆಯ ಮೇಲೆ ಹಾಯುವಾಗ ಮಾತ್ರ ಮಾತು ಕೇಳಿಸುತ್ತಿತ್ತು. ಮೊದಲ ಸಲ ಬಾಗಿಲು ತೆರೆದರು. ಎರಡನೆಯ ಸಲ ಹಲಗೆ ಬಿಚ್ಚಿದರು. ಮೂರನೆಯ ಸಲ ಜೀಮಿನ್‌ನ ಏದುಸಿರು ಕೇಳಿಸಿತು, ಆಮೇಲೆ ಮಾತು.

"ಬಿಳೀ ಪುಡಿ ತೇಲ್ತಾ ಇದೆ, ಮಂಜು ಕವಿದ ಹಾಗೆ. ದೀಪ ಹಾಕಿದ್ರೂ ಏನೂ ಕಾಣ್ತಿಲ್ಲ. ತಗಡು ಅಂದ್ರಲ್ಲ, ಕಣ್ಣಿಗೆ ಬೀಳ್ತಾ ಇಲ್ಲ. ತಡಕೇ ನೋಡ್ಬೇಕು. ಕಟ್ ಮಾಡಿರೋ ಅಂಚು ಮೇಲ್ಗಡೆನೋ ಕೆಳಗಡೆನೋ, ಮಾಡಿದವರನ್ನ ಕೇಳಿ. ಬೇಗ."

ಗೆನ್ರಿಖ್ ಅವಳ ಕಡೆ ತಿರುಗಿದ. ರಿಮ್ಮಾ ಕಣ್ಣು ಮುಚ್ಚಿದಳು. ಕೈಗಳನ್ನು ಮುಂದಕ್ಕೆ ಚಾಚಿ, ಇಲ್ಲದ ತಗಡನ್ನು ಇಲ್ಲದ ಗೋಡೆಗೆ ಹಿಡಿದು, ಬಲಗೈಯಿಂದ ತಿರುಪು ತಿರುಗಿಸಿದಳು. ಹೆಬ್ಬೆರಳು ಯಾವ ಕಡೆಗಿತ್ತು? ಅವತ್ತು ಹೆಬ್ಬೆರಳಿಗೇ ಗೀರು ಬಿದ್ದಿತ್ತು, ಸಾವಾ ಕೇಳಬಾರದೆಂದು ಬಾಯಲ್ಲಿ ಚೀಪಿಕೊಂಡಿದ್ದಳು.

"ಕೆಳಗಡೆ," ಎಂದಳು. "ಮೇಲಿಂದ ಕೈ ಇಳಿಸ್ಲಿ. ಹಲಗೆ ಇದ್ದ ಜಾಗದ ಮೇಲಂಚು ಸವರ್ಕೊಂಡು, ಒಂದು ಗೇಣು ಎಡಕ್ಕೆ. ಕೆಳಗಿಂದ ಮಾತ್ರ ಬೇಡ."

ಮಾತು ಮೇಲೆ ಹೋಯಿತು. "ಸರಿ, ಮೇಲಿಂದ..." ಎಂದ ಜೀಮಿನ್, ಅಷ್ಟರಲ್ಲಿ ನಿಲ್ದಾಣ ದಿಗಂತದಾಚೆ ಹೋಗಿ ಧ್ವನಿ ಕಡಿದುಹೋಯಿತು. ಮತ್ತೆ ತಲೆಯ ಮೇಲೆ ಬರಲು ಒಂದು ಗಂಟೆಗೂ ಮೇಲೆ ಬೇಕು. ಗೆನ್ರಿಖ್ ಚಹಾ ತರಿಸಿದ; ಇಬ್ಬರೂ ಕುಡಿಯಲಿಲ್ಲ. ಹೆಬ್ಬೆರಳು ಕೆಳಗಿತ್ತೋ ಅಥವಾ ತಾನು ಅಂದುಕೊಂಡದ್ದೋ ಎಂದು ಅವಳಿಗೆ ಗುಮಾನಿ ಶುರುವಾಯಿತು. ಸುಳ್ಳು ಹೇಳಿದ ಬಾಯಿಗೆ ತನ್ನ ನಿಜವೇ ನಂಬಿಕೆಯಾಗುವುದಿಲ್ಲ. ಗೋಡೆಗಡಿಯಾರ ನೋಡುತ್ತಾ ಕೂತಳು.

ಧ್ವನಿ ಮರಳಿದಾಗ ಜೀಮಿನ್ ಬಾಗಿಲ ಈಚೆ ಬಂದಿದ್ದ. ತಂತಿ ಸಿಗಿಸಿಯಾಗಿತ್ತು, ವಿದ್ಯುತ್ತು ಹರಿಯುತ್ತಿತ್ತು. "ಅಜ್ಜಿ ಹೇಳಿದ ಜಾಗದಲ್ಲೇ ಇತ್ತು. ಕೈಗವಸಿನ ಮೇಲಿನ ಬಟ್ಟೆ ಸ್ವಲ್ಪ ಸೀಳಿದೆ, ಒಳಗಿನ ಪದರ ಸರಿ ಇದೆ. ಕೆಳಗಿಂದ ಹೋಗಿದ್ರೆ ಕತೆ ಬೇರೆ ಇರ್ತಿತ್ತು," ಎಂದ. ಪಕ್ಕದ ಹಾಲಿನಲ್ಲಿ ಚಪ್ಪಾಳೆ ಕೇಳಿಸಿತು. ಗೆನ್ರಿಖ್ ಅವಳ ಹೆಗಲು ಹಿಡಿದು ಅತ್ತ. ಅವಳು ಅಳಲಿಲ್ಲ, ಸಾವಾನಿಗೆ ಊಟದ ಹೊತ್ತು ಮೀರುತ್ತದೆ, ಮನೆಗೆ ಬಿಡಿ ಎಂದಳು.

ಹತ್ತು ದಿನದ ಮೇಲೆ ಗೆನ್ರಿಖ್ ಒಂದು ಕೇಕು ಹಿಡಿದು ಮನೆಗೆ ಬಂದ. ಯಾರ ಮೇಲೂ ಕ್ರಮ ಇಲ್ಲ, ಕಾಗದ ಕಡತಕ್ಕೆ ಸೇರಿತು ಎಂದು ಹೇಳಿದ. ಸವೇಲಿ ಗೋಡೆಯ ಕಡೆ ಮುಖ ಮಾಡಿಯೇ ಇದ್ದ. ಆ ಕಾಗದಕ್ಕೆ ಸಹಿ ಹಾಕಿದಾಗಿನಿಂದ ಅವನು ಹೆಂಡತಿಯ ಜೊತೆ ಒಂದು ಮಾತಾಡಿರಲಿಲ್ಲ, ಅವಳು ಚಮಚ ಹಿಡಿದರೆ ಬಾಯಿ ತೆರೆಯುತ್ತಿರಲಿಲ್ಲ. ಎಡಗೈಯಲ್ಲಿ ತಾನೇ ತಿನ್ನುತ್ತಿದ್ದ, ಅರ್ಧ ಹಾಸಿಗೆ ಮೇಲೆ ಚೆಲ್ಲುತ್ತಿತ್ತು. ಗೆನ್ರಿಖ್ ಹೋದ ಮೇಲೆ ಅವನು ಈ ಕಡೆ ತಿರುಗಿದ.

"ಇನ್ನೆಷ್ಟು?" ಎಂದ.

"ಏನು ಇನ್ನೆಷ್ಟು?"

"ಇಂಥವು."

"ಅದೊಂದೇ ಸಾವಾ. ದೇವರಾಣೆ, ಅದೊಂದೇ."

"ಅವತ್ತೂ ಹೀಗೇ ಹೇಳಿದ್ದೆ, ಮುಖ ನೋಡಿ."

ಅಲ್ಲಿಂದ ಶುರುವಾಯಿತು. ಬೆಳಗ್ಗೆ ಎದ್ದ ಕೂಡಲೇ ಅವನು ತಾನು ಮೊಹರು ಹಾಕಿದ ಅವಳ ಕೆಲಸಗಳನ್ನು ಒಂದೊಂದಾಗಿ ಎತ್ತುತ್ತಿದ್ದ. ಎಪ್ಪತ್ತೊಂದರ ಮಾರ್ಚ್, ಇಂಧನದ ಕೊಳವೆಯ ಪಕ್ಕದ ಕಟ್ಟು. ಎಪ್ಪತ್ತೆಂಟರ ಜೂನ್, ಕಿಟಕಿಯ ಕೆಳಗಿನ ಪೆಟ್ಟಿಗೆ. ಅವಳು ಬಟ್ಟೆ ಒಗೆಯುತ್ತಾ, ಆಲೂಗಡ್ಡೆ ಸುಲಿಯುತ್ತಾ, ಎಲ್ಲಕ್ಕೂ ಸರಿಯಾಗಿತ್ತು ಎನ್ನುತ್ತಿದ್ದಳು. ನಿಜವಾಗಿಯೂ ಸರಿಯಾಗಿತ್ತು. ಅವನು ಅವಳ ಮುಖವನ್ನೇ ನೋಡಿ, ತಲೆ ಅಲ್ಲಾಡಿಸಿ, ಮುಂದಿನದಕ್ಕೆ ಹೋಗುತ್ತಿದ್ದ. ಪಟ್ಟಿ ಮುಗಿದರೆ ಮತ್ತೆ ಮೊದಲಿನಿಂದ. ಚಳಿಗಾಲ ಕಳೆಯಿತು. ಅವನು ಕಡ್ಡಿಯಾದ. ನೋಡಲು ಬಂದವರಿಗೆ ಹೇಳುತ್ತಿದ್ದ ಮಾತನ್ನು ಈಗ ಹೇಳುತ್ತಿರಲಿಲ್ಲ, ಬರುವವರೂ ಇರಲಿಲ್ಲ.

ಮಾರ್ಚಿನ ಒಂದು ಬೆಳಗ್ಗೆ ಅವನು ಎಪ್ಪತ್ತೆಂಟರ ಪೆಟ್ಟಿಗೆಯನ್ನು ಎಷ್ಟನೆಯ ಸಲವೋ ಕೇಳಿದ. ಆ ಪೆಟ್ಟಿಗೆ ಅವಳಿಗೆ ಚೆನ್ನಾಗಿ ನೆನಪಿತ್ತು. ಅವನು ಅದರ ಕೆಳಗೆ ಎರಡು ಗಂಟೆ ಅಂಗಾತ ಮಲಗಿ, ಕನ್ನಡಿ ಹಿಡಿದು, ಒಂದೊಂದು ಗಂಟನ್ನೂ ನೋಡಿದ್ದ. ಅಷ್ಟು ಅಚ್ಚುಕಟ್ಟಾದ ಕೆಲಸ ಅವಳು ಮತ್ತೆಂದೂ ಮಾಡಿರಲಿಲ್ಲ.

ಅವಳಿಗೆ ಸಾಕಾಗಿತ್ತು. "ಅದು ಸರಿ ಇರಲಿಲ್ಲ," ಎಂದಳು. "ನೀನು ನೋಡಿದ್ಮೇಲೆ ಬದಲಾಯಿಸ್ದೆ."

ಅವನು ದೀರ್ಘವಾಗಿ ಉಸಿರು ಬಿಟ್ಟ. ಮುಖದ ಬಿಗಿಯೆಲ್ಲ ಸಡಿಲವಾಯಿತು. "ಗೊತ್ತಿತ್ತು ನಂಗೆ," ಎಂದ. "ಕಾಗದ ತಾ."

ಅವಳು ತಂದುಕೊಟ್ಟಳು. ಅವನು ಎಡಗೈಯಲ್ಲಿ, ಸೊಟ್ಟ ಸೊಟ್ಟ ಅಕ್ಷರದಲ್ಲಿ, ತಾನು ಎರಡು ಗಂಟೆ ನೋಡಿದ್ದ ಆ ಪೆಟ್ಟಿಗೆಯ ಬಗ್ಗೆ ನೋಡದೆ ಮೊಹರು ಹಾಕಿದೆ, ತಪ್ಪು ನನ್ನದು ಎಂದು ಬರೆದು ಸಹಿ ಮಾಡಿದ. ಆಮೇಲೆ ಏಳು ತಿಂಗಳಲ್ಲಿ ಮೊದಲ ಸಲ ಅವಳ ಕೈಯಿಂದ ಚಹಾ ಕುಡಿದ, ಅರ್ಧ ರಸ್ಕು ತಿಂದ, ಏನೂ ಕೇಳಲಿಲ್ಲ. ಆ ವಾರ ತೀರಿಕೊಂಡ. ರಿಮ್ಮಾ ಅರ್ಖಿಪೊವ್ನಾ ತನ್ನ ಜೀವಮಾನದಲ್ಲಿ ಗಂಡನಿಗೆ ಎರಡೇ ಸಲ ಸುಳ್ಳು ಹೇಳಿದಳು, ಎರಡು ಸಲವೂ ಅವನು ನಂಬಿದ.